ಗಳಲೆ ರೋಗ: ದನದ ಶ್ವಾಸಕೋಶದೊಳಗೆ ಆಗೋದೇನು? ಮಳೆಗೆ ಮುಂಚೆ ಲಸಿಕೆ ಯಾಕೆ ಬೇಕು?

ಬೀರೂರು: ಮುಂಗಾರು ಶುರುವಾಗುತ್ತಿದ್ದಂತೆ ಬೀರೂರು, ಕಡೂರು, ತರೀಕೆರೆ, ಅಜ್ಜಂಪುರ ಭಾಗದ ದನ ಸಾಕುವವರು ಎಚ್ಚರ ವಹಿಸಬೇಕಾದ ಕಾಯಿಲೆ ಗಳಲೆ ರೋಗ. ಗಂಟಲು ಬೇನೆ ಅಂತಲೂ ಕರೀತಾರೆ. ಸಂಜೆ ಮೇವು ಬಿಟ್ಟ ಎಮ್ಮೆ ಬೆಳಗಾಗುವಷ್ಟರಲ್ಲಿ ಸತ್ತಿರಬಹುದು. ರೋಗಾಣುವಿನ ವಿಷದ ಜೊತೆಗೆ, ಆ ವಿಷಕ್ಕೆ ದನದ ಮೈಯೊಳಗಿನ ಕಾವಲು ಕಣಗಳು ತೋರಿಸುವ ಪ್ರತಿಕ್ರಿಯೆಯೂ ಇದಕ್ಕೆ ಕಾರಣ.

ರೋಗಾಣು ಎಲ್ಲಿರುತ್ತೆ?

ಗಳಲೆಗೆ ಕಾರಣ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಾಗಿ ಕಾಣುವ ಕೆಲವು ದನಗಳ ಗಂಟಲಲ್ಲೂ ಇದು ಸುಮ್ಮನೆ ಇರುತ್ತದೆ. ಮಳೆಯಲ್ಲಿ ನೆನೆಯುವುದು, ಮೇವಿನ ಕೊರತೆ, ಉಳುಮೆಯ ದಣಿವು, ಲಾರಿಯಲ್ಲಿ ದೂರದ ಸಾಗಣೆಯಿಂದ ದನ ಸೊರಗಿದಾಗ ಹೆಚ್ಚಾಗಿ ರಕ್ತಕ್ಕೆ ಸೇರುತ್ತೆ.

ಇದರ ಹತ್ತಿರದ ಸಂಬಂಧಿ ಮ್ಯಾನ್‌ಹೈಮಿಯಾ ಹೀಮೊಲಿಟಿಕಾ. ಮೂಗಿನಲ್ಲಿರುವ ಈ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದರೆ ದನ, ಕುರಿಗಳಿಗೆ ನ್ಯುಮೋನಿಯಾ ಬರುತ್ತೆ.

ಕಾವಲು ಕಣಗಳ ಕೆಲಸ

ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಕಾವಲಿರುತ್ತವೆ. ಉಸಿರಿನ ಜೊತೆ ಬಂದ ದೂಳು, ರೋಗಾಣುವನ್ನು ನುಂಗಿ ಹಾಕ್ತವೆ. ಬ್ಯಾಕ್ಟೀರಿಯಾದ ಹೊರಪದರದ ವಿಷ (ಎಂಡೊಟಾಕ್ಸಿನ್) ತಗುಲಿದರೆ ರಾಸಾಯನಿಕ ಸಂದೇಶ ಕಳಿಸ್ತವೆ. ಆಗ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗುಂಪುಗಟ್ಟಿ ಬರುತ್ತವೆ.

ಮ್ಯಾನ್‌ಹೈಮಿಯಾಕ್ಕೆ ಲ್ಯುಕೋಟಾಕ್ಸಿನ್ ಎಂಬ ಇನ್ನೊಂದು ವಿಷವಿದೆ. ಇದು ದನ, ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳ ಬಿಳಿ ರಕ್ತಕಣಗಳಿಗೇ ಮಾರಕ. ಕಣದ ಮೇಲಿನ ಸಿಡಿ18 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ಸ್ವಲ್ಪ ವಿಷವಿದ್ದರೆ ಕಣ ಕೆರಳುತ್ತದೆ, ಜಾಸ್ತಿಯಾದರೆ ತೂತುಬಿದ್ದು ಒಡೆಯುತ್ತದೆ. ರೋಗಾಣು ಕೊಲ್ಲಲು ನ್ಯೂಟ್ರೋಫಿಲ್ ಒಳಗಿಟ್ಟುಕೊಂಡಿದ್ದ ಕಿಣ್ವಗಳು ಹೊರಗೆ ಚೆಲ್ಲಿ ಶ್ವಾಸಕೋಶವನ್ನೇ ಸುಡುತ್ತವೆ. ಗಾಳಿ ಇರಬೇಕಾದ ಜಾಗದಲ್ಲಿ ನೀರು, ಕೀವು ತುಂಬಿಕೊಳ್ಳುತ್ತದೆ.

ಗಳಲೆಯಲ್ಲಿ ಎಂಡೊಟಾಕ್ಸಿನ್ ರಕ್ತದ ಮೂಲಕ ಇಡೀ ಮೈಗೆ ಹರಡುತ್ತೆ. ಕಾವಲು ಕಣಗಳು ಎಲ್ಲ ಕಡೆ ಒಟ್ಟಿಗೇ ಕೆರಳಿ, ರಕ್ತದೊತ್ತಡ ಕುಸಿದು ದನ ಸಾಯುತ್ತದೆ.

ತಡವಾದರೆ ಕಷ್ಟ

ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ. ಆದರೆ ಆಗಲೇ ಹರಡಿದ ವಿಷವನ್ನು ತೆಗೆಯಲ್ಲ, ಹಾಳಾದ ಶ್ವಾಸಕೋಶವನ್ನು ಸರಿಮಾಡಲ್ಲ. ಹಾಗಾಗಿ ಮೊದಲ ಕೆಲವು ಗಂಟೆಗಳೇ ಮುಖ್ಯ.

ಲಕ್ಷಣಗಳು

* 104ರಿಂದ 107 ಡಿಗ್ರಿ ಫ್ಯಾರನ್‌ಹೀಟ್ ಜ್ವರ
* ಮೇವು, ಮೆಲುಕು ಬಿಡುವುದು
* ಜೊಲ್ಲು, ಮೂಗಿನಲ್ಲಿ ಸಿಂಬಳ
* ಗಂಟಲು, ಎದೆಯ ಕೆಳಗೆ ಬಾವು
* ಗೊರ ಗೊರ ಸದ್ದಿನ ಉಸಿರಾಟ

ರೈತರು ಮಾಡಬೇಕಾದ್ದು

* ಮಳೆಗೆ 2–3 ವಾರ ಮುಂಚೆಯೇ ಲಸಿಕೆ ಹಾಕಿಸಿ. ರಕ್ಷಣೆ ಬೆಳೆಯಲು ಅಷ್ಟು ಸಮಯ ಬೇಕು. ಮುಂದಿನ ಸೂಜಿ ಯಾವಾಗ ಅಂತ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.
* ಎಮ್ಮೆ ಮತ್ತು 6 ತಿಂಗಳಿಂದ 2 ವರ್ಷದ ಕರುಗಳಿಗೆ ಅಪಾಯ ಹೆಚ್ಚು. ಅವನ್ನು ತಪ್ಪಿಸಬೇಡಿ.
* ಅಮೃತಮಹಲ್, ಹಳ್ಳಿಕಾರ್ ದನ ಗಟ್ಟಿ ಅಂತ ಲಸಿಕೆ ಬಿಡಬಾರದು.
* ಗಳಲೆ ಲಸಿಕೆ ಗಳಲೆಗೆ ಮಾತ್ರ. ಲಸಿಕೆ ಹಾಕಿಸಿದ ದನಕ್ಕೆ ಉಬ್ಬಸ ಬಂದರೂ ತೋರಿಸಿ.
* ಕಾಯಿಲೆ ದನವನ್ನು ಬೇರೆ ಕಟ್ಟಿ, ಮೇವು ನೀರು ಬೇರೆ ಕೊಡಿ. ಬಲವಂತವಾಗಿ ಗೊಟ್ಟದಲ್ಲಿ ಔಷಧಿ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು.
* ಸತ್ತ ದನವನ್ನು ಕೆರೆ, ಹಳ್ಳಕ್ಕೆ ಎಸೆಯದೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಲಕ್ಷಣ ಕಂಡ ಕೂಡಲೇ, ರಾತ್ರಿಯಾದರೆ ಬೆಳಗಿನವರೆಗೆ ಕಾಯದೆ, ಹತ್ತಿರದ ಪಶುವೈದ್ಯರಿಗೆ ತಿಳಿಸಿ. ಪಶು ಸಹಾಯವಾಣಿ ಸಂಖ್ಯೆ 1962.