ತಾಳಮದ್ದಳೆಯಲ್ಲಿ ರಸೌಚಿತ್ಯ

ತಾಳಮದ್ದಳೆಯು ಯಕ್ಷಗಾನದ ಮಾತಿನ ರೂಪ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ತಾವೇ ಪಾತ್ರವಾಗಿ, ಆ ಪದ್ಯಕ್ಕೆ ಸ್ಥಳದಲ್ಲಿಯೇ ಮಾತು ಕಟ್ಟುತ್ತಾರೆ. ಮಾತು ಅವರದು, ಕಥೆಯ ಕೊನೆ ಪ್ರಸಂಗದ್ದು.

ಈ ಸ್ವಾತಂತ್ರ್ಯಕ್ಕೆ ಔಚಿತ್ಯವೇ ಮೇರೆ. ‘ವಾಲಿವಧೆ’ಯಲ್ಲಿ, ಮರೆಯಿಂದ ಬಾಣ ಬಿಟ್ಟುದೇಕೆಂದು ವಾಲಿಯು ರಾಮನನ್ನು ಪ್ರಶ್ನಿಸುತ್ತಾನೆ. ಎಷ್ಟು ಸಮರ್ಥವಾಗಿ ವಾದಿಸಿದರೂ ಅವನು ಸಾಯಲೇಬೇಕು. ನಗೆಮಾತು ಮಿತಿಮೀರಿದರೆ ಕರುಣರಸ ಕೆಡುತ್ತದೆ. ಗೆಲ್ಲುವ ಹಟ ಮಿತಿಮೀರಿದರೆ ವಾಲಿ ಮರೆಯಾಗಿ ವಾಗ್ಮಿ ಮಾತ್ರ ಉಳಿಯುತ್ತಾನೆ. ಚರ್ಚೆ ಹಾದಿ ತಪ್ಪಿದಾಗ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡು ಕಥೆಯನ್ನು ನಡೆಸುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳಿಗೆ ಕೊಟ್ಟ ಘನತೆ ಇಂದಿಗೂ ಮಾದರಿ.

ಮೇಜಿನ ಸುತ್ತ ಕುಳಿತು ಮಹಾವೀರರ ಪಾತ್ರ ವಹಿಸುವ ‘ಚಾಂಪಿಯನ್ಸ್’ (1981) ಮೊದಲಾದ ಅಮೆರಿಕದ ಆಟಗಳಲ್ಲಿಯೂ ಆಟ ನಡೆಸುವವನ ಹೊಣೆ ಇದೇ: ವೀರ ಹಾಸ್ಯಗಳನ್ನು ಹದವಾಗಿರಿಸುವುದು. ಆದರೆ ಅಲ್ಲಿ ಸೋಲುಗೆಲುವು ದಾಳದ ಕೈಯಲ್ಲೂ ಇದೆ. ಇಲ್ಲಿ ಸೋಲು ಮೊದಲೇ ನಿಶ್ಚಿತ, ಅದನ್ನು ಹೇಗೆ ಎದುರಿಸಬೇಕೆಂಬುದೇ ಕಲೆ.

ರಂಗಮಂಚವನ್ನು ಬೇಡದ ಈ ಕಲೆಗೆ ಮಯೂರ್ ವಿಹಾರದ ಮನೆಯೊಂದರ ಹಜಾರವೂ ಸಾಕು. ಮನೆಮಕ್ಕಳು ವಾಲಿಯ ಪ್ರಶ್ನೆಯನ್ನು ತಮ್ಮ ಕನ್ನಡದಲ್ಲಿ ಕೇಳುವಂತಾದರೆ ಅದಕ್ಕಿಂತ ಒಳ್ಳೆಯ ಭಾಷಾಪಾಠ ಬೇರಿಲ್ಲ.