ತಲೆಯ ಸರದಿ ಮುಗಿದ ಮೇಲೆ ಕೈಯ ಸರದಿ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಬುತ್ತಿಯಂತೆ ಕಟ್ಟಿಕೊಂಡು ಹೊರನಾಡಿಗೆ ಬಂದವರು ನಾವು. ನಮ್ಮನ್ನು ಇಲ್ಲಿ ಸಾಕುತ್ತಿರುವುದು ಈ ಎರಡು ಕೈಗಳೇ. ಆದರೂ ಮೋಟಾರ್ ಸೈಕಲ್ ಏರುವಾಗ ಅವುಗಳ ರಕ್ಷಣೆಯ ವಿಚಾರ ನಮಗೆ ಹೊಳೆಯುವುದು ಅಪರೂಪ. ಚರಿತ್ರೆಯಲ್ಲಿಯೂ ಕೈಯ ಸರದಿ ತಡವಾಗಿಯೇ ಬಂತು.

1894ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೋಟಾರ್ ಸೈಕಲ್ಲುಗಳು ಮಾರಾಟಕ್ಕೆಂದು ತಯಾರಾದವು. ಆ ಶೀತದೇಶಗಳ ಸವಾರರಿಗೆ ಚರ್ಮದ ಕೈಗವಸು ಬೇಕಾದದ್ದು ಮುಖ್ಯವಾಗಿ ಚಳಿಗಾಳಿಯನ್ನು ತಡೆಯಲು. ಆದ್ದರಿಂದಲೇ ಅದು ಕೋಟಿನ ತೋಳಿನ ಮೇಲೂ ಹತ್ತುವಷ್ಟು ಉದ್ದವಾಗಿತ್ತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬಂದಾಗ, ‘ಚಳಿಯಿಲ್ಲದ ನಾಡಿಗೆ ಗವಸೇಕೆ?’ ಎನ್ನುವಂತಿತ್ತು ನಮ್ಮವರ ಭಾವನೆ.

ತಲೆಯ ಅದೃಷ್ಟ ಬೇರೆ. 1935ರ ಮೇ 13ರಂದು ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಿಂದ ಬಿದ್ದರು. ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ, 1941ರಲ್ಲಿ ಹೆಲ್ಮೆಟ್ಟಿನ ಪ್ರಯೋಜನವನ್ನು ಪ್ರಕಟಿಸಿದರು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಕೂಡ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಕೈಯ ಮಾತು ಆ ಕಲಮಿನಲ್ಲಿಲ್ಲ.

ಬೀಳುವ ಮನುಷ್ಯ ತಿಳಿಯದೆಯೇ ಅಂಗೈ ಮುಂದೆ ಚಾಚುತ್ತಾನೆ. ಅಂಗೈಯ ಚರ್ಮ ಕಿತ್ತುಹೋಗುತ್ತದೆ. ಹೆಬ್ಬೆರಳ ಬುಡದ ಕಡೆ, ಮಣಿಕಟ್ಟಿನಲ್ಲಿರುವ ದೋಣಿಯಾಕಾರದ ಪುಟ್ಟ ಮೂಳೆ ಮುರಿಯಬಹುದು. ಅದಕ್ಕೆ ರಕ್ತ ಸಂಚಾರ ಕಡಿಮೆಯಾದ್ದರಿಂದ ಕೂಡಿಕೊಳ್ಳುವುದು ನಿಧಾನ. ಗವಸಿನ ನಿಜವಾದ ಕೆಲಸ ಇಲ್ಲಿದೆ. ಯುರೋಪಿನವರು ಇದಕ್ಕೆಂದು ಇ.ಎನ್. 13594 ಎಂಬ ಮಾನಕವನ್ನು 2002ರಲ್ಲಿ ವೃತ್ತಿಪರ ಸವಾರರಿಗಾಗಿ ರೂಪಿಸಿದರು. 2015ರಲ್ಲಿ ಅದನ್ನು ಎಲ್ಲ ಸವಾರರಿಗೂ ವಿಸ್ತರಿಸಿದರು. ಅದರ ಉಜ್ಜುವ ಪರೀಕ್ಷೆಯಲ್ಲಿ ಅಂಗೈ ಭಾಗ ಮೊದಲ ದರ್ಜೆಗೆ 4 ಸೆಕೆಂಡು, ಎರಡನೆಯದಕ್ಕೆ 8 ಸೆಕೆಂಡು ತಾಳಬೇಕು.

ಆದ್ದರಿಂದ ಅಂಗಡಿಯಲ್ಲಿ ದಪ್ಪವನ್ನಾಗಲಿ ಅಂದವನ್ನಾಗಲಿ ನೋಡಿ ಮರುಳಾಗಬಾರದು. ಆ ಮಾನಕದ ಗುರುತು ಒಳಚೀಟಿಯಲ್ಲಿದೆಯೇ ನೋಡೋಣ. ಅಂಗೈಗೆ ಗಟ್ಟಿ ಚರ್ಮ, ಅಂಗೈಯ ಬುಡಕ್ಕೆ ಜಾರುವ ಗಟ್ಟಿ ತುಂಡು, ಬೆರಳ ಗೆಣ್ಣುಗಳಿಗೆ ಕವಚ ಇರಲಿ. ಮಣಿಕಟ್ಟಿನ ಪಟ್ಟಿ ಬಿಗಿದು ಎಳೆದಾಗ ಗವಸು ಕಳಚಿ ಬಂದರೆ ಅದು ಬೇಡ. ಬಿದ್ದಾಗಲೂ ಅದು ಕಳಚಿಕೊಳ್ಳುತ್ತದೆ. ಬ್ರೇಕು, ಕ್ಲಚ್ಚು ಹಿಡಿಯಲು ಬೆರಳು ಸಲೀಸಾಗಿ ಮಡಿಸಬೇಕು. ನಮ್ಮ ಸೆಕೆಗೆ ಸಣ್ಣ ರಂಧ್ರಗಳುಳ್ಳ ಚರ್ಮ ಹಿತಕರ. ಉಣ್ಣೆಯ ಗವಸು ಚಳಿಗಷ್ಟೇ ಸರಿ.

ಮಕ್ಕಳಿಗೆ ಬೈಕು ಕೊಡಿಸುವ ತಂದೆತಾಯಿಯರು ಹೆಲ್ಮೆಟ್ಟಿನ ಜೊತೆಗೆ ಒಂದು ಜೊತೆ ಒಳ್ಳೆಯ ಗವಸನ್ನೂ ಕೊಡಿಸಲಿ. ಕಾನೂನು ಕೇಳದಿದ್ದರೇನು, ನಾಳೆ ಅನ್ನ ಸಂಪಾದಿಸಬೇಕಾದದ್ದು ಆ ಕೈಗಳೇ ತಾನೆ?