22ರಲ್ಲಿ 21: ಒಂದು ಅಂಕಿಯ ಅಪವ್ಯಾಖ್ಯಾನ

ವೈದ್ಯರ ಔಷಧಿ ಆದೇಶವನ್ನು ನರ್ಸ್‌ಗಳು ಪ್ರಶ್ನಿಸಿದ ಚರಿತ್ರೆಗೆ ಈಗ ಒಂದು ಸಿದ್ಧ ಚೌಕಟ್ಟಿದೆ. 1966ರಲ್ಲಿ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರ ಪ್ರಯೋಗ: ಫೋನಿನಲ್ಲಿ ಬಂದ ಅಪರಿಚಿತ ‘ವೈದ್ಯ’ನ ಮಾತು ಕೇಳಿ, 22 ನರ್ಸ್‌ಗಳಲ್ಲಿ 21 ಮಂದಿ ಮಿತಿಮೀರಿದ ಔಷಧಿ ಕೊಡಲು ಹೊರಟರು. 1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್‌ಸನ್ ಪ್ರಯೋಗ: 18 ಮಂದಿಯಲ್ಲಿ ಇಬ್ಬರು ಮಾತ್ರ ಹಾಗೆ ಮಾಡಿದರು. ಇವೆರಡರ ನಡುವೆ ಗೆರೆ ಎಳೆದು, ಹನ್ನೊಂದು ವರ್ಷಗಳಲ್ಲಿ ನರ್ಸ್ ವಿಧೇಯತೆಯಿಂದ ಸ್ವಾಭಿಮಾನಕ್ಕೆ ನಡೆದುಬಂದಳು ಎಂದು ಬರೆಯುವುದು ರೂಢಿಯಾಗಿದೆ. ಈ ಗೆರೆಯನ್ನು ಒಪ್ಪುವುದು ನನಗೆ ಸಾಧ್ಯವಿಲ್ಲ.

ಎರಡು ಪ್ರಯೋಗಗಳಲ್ಲಿ ಬದಲಾದದ್ದು ಕಾಲವೊಂದೇ ಅಲ್ಲ. ಹಾಫ್ಲಿಂಗ್ ಬಳಸಿದ ‘ಆಸ್ಟ್ರೊಟೆನ್’ ಎಂಬ ಔಷಧಿ ಲೋಕದಲ್ಲೇ ಇರಲಿಲ್ಲ. ಅದರ ಬಗ್ಗೆ ನರ್ಸ್‌ಗೆ ಗೊತ್ತಿದ್ದದ್ದು ಡಬ್ಬಿಯ ಚೀಟಿಯಲ್ಲಿದ್ದಷ್ಟೇ. ದಿನಕ್ಕೆ ಗರಿಷ್ಠ 10 ಮಿಲಿಗ್ರಾಂ ಎಂದು ಚೀಟಿ ಹೇಳುತ್ತಿತ್ತು, 20 ಕೊಡು ಎಂದು ಫೋನು ಹೇಳುತ್ತಿತ್ತು. ರ‍್ಯಾಂಕ್ ಮತ್ತು ಜೇಕಬ್‌ಸನ್ ಆರಿಸಿಕೊಂಡದ್ದು ಪ್ರತಿ ನರ್ಸ್‌ಗೂ ಪರಿಚಿತವಾದ ವೇಲಿಯಮ್. ಆದೇಶ ಬಂದದ್ದು ಆಸ್ಪತ್ರೆಗೆ ಗೊತ್ತಿದ್ದ ವೈದ್ಯರ ಹೆಸರಿನಲ್ಲಿ, ಸಹೋದ್ಯೋಗಿಗಳನ್ನು ಕೇಳಿಕೊಳ್ಳುವುದಕ್ಕೂ ಅವಕಾಶವಿತ್ತು. ಇಷ್ಟನ್ನೆಲ್ಲ ಒಟ್ಟಿಗೆ ಬದಲಿಸಿದ ಮೇಲೆ, ವ್ಯತ್ಯಾಸವನ್ನೆಲ್ಲ ಕಾಲದ ಲೆಕ್ಕಕ್ಕೆ ಬರೆಯುವುದು ಯಾವ ವಿಧಾನಶಾಸ್ತ್ರ? 

ಈ ಗೆರೆಗೆ ನಿಜವಾದ ಅಡ್ಡಿ ಬೇರೆಯದು. ಹಾಫ್ಲಿಂಗ್‌ಗೂ ನಾಲ್ಕು ವರ್ಷ ಮೊದಲು, 1962ರಲ್ಲಿ, ಅಮೆರಿಕದ ಲೂಯಿಸಿಯಾನ ಮೇಲ್ಮನವಿ ನ್ಯಾಯಾಲಯ ಆರ್ಗೊನಾಟ್ ವಿಮಾ ಕಂಪನಿ ಪ್ರತಿವಾದಿಯಾಗಿದ್ದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ನರ್ಸಿಂಗ್ ಕಾನೂನಿನ ಪುಸ್ತಕಗಳು ಅದನ್ನು ‘ನರ್ಸ್‌ನ ನಿರ್ಲಕ್ಷ್ಯ’ ಎಂಬ ತಲೆಬರಹದ ಕೆಳಗೆ ಇಡುತ್ತವೆ. ವಿಧೇಯತೆಯ ಚರಿತ್ರೆ ಬರೆಯುವವರು ಅತ್ತ ಕಣ್ಣೇ ಹಾಯಿಸುವುದಿಲ್ಲ.

ಪ್ರಕರಣ ಹೀಗಿದೆ. ಸುಮಾರು ಮೂರು ತಿಂಗಳ ಹೃದ್ರೋಗಿ ಮಗು. ವೈದ್ಯರು ‘ಇಂದು ಒಂದೇ ಸಲ 3 ಸಿಸಿ ಲೆನಾಕ್ಸಿನ್’ ಎಂಬರ್ಥದಲ್ಲಿ ಬರೆದರು. ಬಾಯಿಂದಲೋ ಸೂಜಿಯಿಂದಲೋ ಎಂದು ಬರೆಯಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಕುಡಿಸುವ ದ್ರವ. ವಾರ್ಡಿನಲ್ಲಿ ಆ ದಿನ ಕೈಜೋಡಿಸಲು ಬಂದಿದ್ದ ಹಿರಿಯ ನರ್ಸ್‌ಗೆ ಗೊತ್ತಿದ್ದದ್ದು ಇಂಜೆಕ್ಷನ್ ರೂಪ ಮಾತ್ರ. ದ್ರವದಲ್ಲಿ ಸಿಸಿಗೆ 0.05 ಮಿಲಿಗ್ರಾಂ, ಇಂಜೆಕ್ಷನ್ನಿನಲ್ಲಿ 0.25. ಅದೇ 3 ಸಿಸಿ ಐದು ಪಟ್ಟಾಯಿತು. ಮಗು ಉಳಿಯಲಿಲ್ಲ.

ಇಲ್ಲಿಯವರೆಗೆ ಇದು ವಿಧೇಯತೆಯ ಕಥೆಯಂತೆಯೇ ಕಾಣುತ್ತದೆ. ಆದರೆ ಆ ನರ್ಸ್‌ಗೆ ಅನುಮಾನ ಬಂದಿತ್ತು, ಇಷ್ಟು ಪುಟ್ಟ ಮಗುವಿಗೆ ಇಷ್ಟೊಂದೇ ಎಂದು. ಜೊತೆಯವರನ್ನು ವಿಚಾರಿಸಿದರು. ವಾರ್ಡಿನಲ್ಲಿದ್ದ ಇಬ್ಬರು ವೈದ್ಯರನ್ನೂ ಕೇಳಿದರು. ವೈದ್ಯರು ಬರೆದದ್ದು ಅಷ್ಟೇ ಆದರೆ ಅಷ್ಟನ್ನೇ ಕೊಡಬೇಕು ಎಂಬ ಧಾಟಿಯ ಉತ್ತರ ಸಿಕ್ಕಿತು. ಸೂಜಿ ಚುಚ್ಚಿದ್ದು ಆಮೇಲೆ. ಆದೇಶ ಬರೆದ ವೈದ್ಯರಿಗೆ ಮಾತ್ರ ಫೋನ್ ಹೋಗಲಿಲ್ಲ. ನ್ಯಾಯಾಲಯ ತಪ್ಪು ಹಿಡಿದದ್ದು ಅಲ್ಲಿ: ಸಂದೇಹವಿದ್ದರೆ ಬರೆದವರನ್ನೇ ಕೇಳಬೇಕಿತ್ತು. ಕೊಡುವ ಮಾರ್ಗ ನಮೂದಿಸದ ವೈದ್ಯರನ್ನೂ ಅದು ಬಿಡಲಿಲ್ಲ.

ಅಂದರೆ, ವಿಧೇಯತೆಯ ಕಾಲ ಎಂದು ನಮ್ಮ ಚರಿತ್ರೆಕಾರರು ಗುರುತಿಸುವ ದಶಕದಲ್ಲೇ ಒಬ್ಬ ನರ್ಸ್ ಪ್ರಶ್ನಿಸಿದ್ದರು. ಕೊರತೆಯಿದ್ದದ್ದು ಧೈರ್ಯದಲ್ಲಲ್ಲ, ಪ್ರಶ್ನೆ ತಲುಪಿದ ಜಾಗದಲ್ಲಿ. ಒಂದೇ ಮೊಕದ್ದಮೆಯಿಂದ ಒಂದು ದಶಕವನ್ನು ಅಳೆಯಬಾರದು ಎಂಬ ಆಕ್ಷೇಪ ಬರಬಹುದು. ಒಪ್ಪುತ್ತೇನೆ, 22 ಮಂದಿಯಿಂದ ಅಳೆದವರೂ ಒಪ್ಪಲಿ. ಲಿಯೊನಾರ್ಡ್ ಸ್ಟೈನ್ 1967ರಲ್ಲಿ ವರ್ಣಿಸಿದ ‘ವೈದ್ಯ-ನರ್ಸ್ ಆಟ’ವನ್ನೂ ಇಲ್ಲಿ ನೆನೆಯಬೇಕು: ನರ್ಸ್ ಸಲಹೆ ಕೊಡುತ್ತಾಳೆ, ಕೊಟ್ಟಂತೆ ಕಾಣಿಸುವುದಿಲ್ಲ. ಬಾಯಿಬಿಟ್ಟು ನಿರಾಕರಿಸಿದ್ದನ್ನು ಮಾತ್ರ ಎಣಿಸುವ ಪ್ರಯೋಗಕ್ಕೆ ಇಂಥ ಪ್ರಶ್ನೆಗಳು ಸಿಗುವುದೇ ಇಲ್ಲ.

ಅಂತರರಾಷ್ಟ್ರೀಯ ನರ್ಸ್‌ಗಳ ಪರಿಷತ್ತಿನ 1953ರ ನೀತಿಸಂಹಿತೆ ವೈದ್ಯರ ಆದೇಶವನ್ನು ನಿಷ್ಠೆಯಿಂದ ಪಾಲಿಸಬೇಕೆಂದಿತು, 1973ರ ಪರಿಷ್ಕರಣೆ ಅದನ್ನು ಕೈಬಿಟ್ಟಿತು, ನಿಜ. ಸಂಹಿತೆ ಬದಲಾದದ್ದನ್ನು ವಾರ್ಡು ಬದಲಾದದ್ದಕ್ಕೆ ಸಾಕ್ಷಿಯಾಗಿ ತರುವುದು ಅವಸರದ ತೀರ್ಮಾನ. ನೋಡಬೇಕಾದದ್ದು ಪ್ರಶ್ನೆ ಆದೇಶ ಕೊಟ್ಟವರನ್ನೇ ತಲುಪುತ್ತದೆಯೇ ಎಂಬುದನ್ನು. ಇಂದಿನ ತುರ್ತು ಚಿಕಿತ್ಸಾ ವಿಭಾಗವನ್ನೇ ನೋಡಿ. ಅಲ್ಲಿ ಬಾಯಿಮಾತಿನ ಆದೇಶ ತಪ್ಪಿದ್ದಲ್ಲ, ಆದರೆ ಎಷ್ಟೋ ಸಲ ಹೇಳಿದ ವೈದ್ಯರು ಅದೇ ಹಾಸಿಗೆಯ ಆ ಕಡೆ ನಿಂತಿರುತ್ತಾರೆ. ನರ್ಸ್ ಔಷಧಿಯ ಹೆಸರು, ಪ್ರಮಾಣ, ಮಾರ್ಗವನ್ನು ತಿರುಗಿ ಹೇಳುತ್ತಾರೆ, ವೈದ್ಯರು ಹೌದೆನ್ನುತ್ತಾರೆ. 1960ರ ದಶಕದ ಆ ಮಕ್ಕಳ ವಾರ್ಡಿನಲ್ಲಿ ಇಲ್ಲದಿದ್ದದ್ದು ಇಷ್ಟೇ.

ಹಾಫ್ಲಿಂಗ್ ಅಂಕಿಯನ್ನು ಪಠ್ಯದಲ್ಲಿ ಉಳಿಸಿಕೊಳ್ಳುವವರು ಉಳಿಸಿಕೊಳ್ಳಲಿ. ಮುಂದಿನ ಮುದ್ರಣದಲ್ಲಿ ಅದರ ಪಕ್ಕಕ್ಕೇ 1962ರ ತೀರ್ಪಿಗೂ ಒಂದು ಪ್ಯಾರಾ ಜಾಗ ಕೊಡಲಿ.